ಕೊಳದ ಜೀವಿಗಳ ಪೆಟ್ಟಿಗೆ: ಸೂಕ್ಷ್ಮದರ್ಶಕ ಸೈ, ಬಲೆ ಮಾತ್ರ ಬೇಡ

ಶಾಲಾ ಮಕ್ಕಳಿಗೂ ಹವ್ಯಾಸಿಗಳಿಗೂ ಹೊಂದುತ್ತದೆ ಎಂಬ ಜಾಹೀರಾತಿನೊಂದಿಗೆ ಆನ್‌ಲೈನಿನಲ್ಲಿ ಮಾರಾಟವಾಗುವ, ಕೊಳದ ಜೀವಿಗಳನ್ನು ನೋಡುವ ಸಾಮಗ್ರಿಯ ಪೆಟ್ಟಿಗೆಯೊಂದನ್ನು ಕಳೆದ ವರ್ಷ ಮೇ ತಿಂಗಳ ಕೊನೆಯಲ್ಲಿ ತರಿಸಿಕೊಂಡೆ. ಸಾಗಣೆ ಸೇರಿ 7,800 ರೂಪಾಯಿ. ಒಳಗಿದ್ದುದು 4, 10 ಮತ್ತು 40 ಪಟ್ಟಿನ ಮೂರು ವಸ್ತುಮಸೂರಗಳೂ 10 ಪಟ್ಟಿನ ಒಂದು ನೇತ್ರಮಸೂರವೂ ಇರುವ ಎಲ್‌ಇಡಿ ದೀಪದ ಸೂಕ್ಷ್ಮದರ್ಶಕ, ಮೊಬೈಲ್ ಸಿಕ್ಕಿಸುವ ಹಿಡಿಕೆ, 25 ಗಾಜಿನ ಸ್ಲೈಡು, ಒಂದು ಡಬ್ಬಿ ಕವರ್ ಸ್ಲಿಪ್, ಎರಡು ಡ್ರಾಪರ್, ‘60 ಮೈಕ್ರಾನ್’ ಎಂದು ಚೀಟಿ ಅಂಟಿಸಿದ ಪ್ಲಾಂಕ್ಟನ್ ಬಲೆ (ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು ಸೋಸುವಂಥದು; ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಮತ್ತು 32 ಪುಟದ ಇಂಗ್ಲಿಷ್ ಕೈಪಿಡಿ. ಕಂಪನಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇದೇ ಸಾಮಾನು ಬೇರೆ ಬೇರೆ ಚೀಟಿ ಹಚ್ಚಿಕೊಂಡು ಸಿಗುತ್ತದೆ ಎಂಬುದು ನನ್ನ ಗುಮಾನಿಯಾದ್ದರಿಂದ, ದೋಷ ಎಲ್ಲಿದೆಯೆಂದು ತಿಳಿದರೆ ಕೊಳ್ಳುವವರಿಗೆ ಸಾಕು. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತನಾದ ಮೇಲೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ನಮ್ಮ ಅಡಿಕೆ ತೋಟದಲ್ಲೇ ಇರುವುದರಿಂದ, ಪರೀಕ್ಷಿಸಿ ನೋಡಲು ಪುರಸೊತ್ತೂ ಇತ್ತು, ಬಗೆಬಗೆಯ ನೀರೂ ಇತ್ತು. ಒಂದು ಮಳೆಗಾಲ, ಒಂದು ಬೇಸಗೆ ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಇಂಥ ಪೆಟ್ಟಿಗೆಯನ್ನು ಒರೆಗೆ ಹಚ್ಚಲು ನೀರಿನ ಸೂಕ್ಷ್ಮಪ್ರಾಣಿಗಳಾದ ರೋಟಿಫರ್‌ಗಳಿಗಿಂತ ಒಳ್ಳೆಯ ಜೀವಿಗಳಿಲ್ಲ. ಬಹುಪಾಲು ರೋಟಿಫರ್‌ಗಳ ಉದ್ದ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಿಂದ ಅರ್ಧ ಮಿಲಿಮೀಟರಿನ ಒಳಗೆ ಬರುತ್ತದೆ; ಬರಿಗಣ್ಣಿಗೆ ಹೆಚ್ಚೆಂದರೆ ಒಂದು ಚುಕ್ಕೆ, ನೂರು ಪಟ್ಟು ದೊಡ್ಡದು ಮಾಡಿದರೆ ಬಾಯಿ, ದವಡೆ, ಹೊಟ್ಟೆ, ಮೊಟ್ಟೆ ಎಲ್ಲವೂ ಗಾಜಿನ ಪಾತ್ರೆಯೊಳಗೆ ಇಟ್ಟಂತೆ ಕಾಣುತ್ತವೆ. ತಲೆಯ ಮೇಲಿನ ರೋಮಗಳ ಸುತ್ತು ಒಂದರ ಹಿಂದೊಂದು ಬಾಗಿ ಏಳುವಾಗ ಚಕ್ರ ತಿರುಗಿದ ಭ್ರಮೆ ಹುಟ್ಟುವುದರಿಂದ ಲ್ಯಾಟಿನ್ನಿನಲ್ಲಿ ‘ಚಕ್ರ ಹೊತ್ತದ್ದು’ ಎಂಬರ್ಥದ ಹೆಸರು ಬಂದಿದೆ. ದೇಹದಲ್ಲಿರುವ ಜೀವಕೋಶಗಳು ಹೆಚ್ಚು ಕಡಿಮೆ ಒಂದು ಸಾವಿರ ಮಾತ್ರ, ಮೊಟ್ಟೆಯಿಂದ ಹೊರಬಂದ ಮೇಲೆ ಆ ಲೆಕ್ಕ ಹೆಚ್ಚುವುದಿಲ್ಲ. ಪ್ರಪಂಚದಲ್ಲಿ ಸುಮಾರು 2,000 ಪ್ರಭೇದಗಳನ್ನು ಗುರುತಿಸಲಾಗಿದೆ, ಹೆಚ್ಚಿನವು ಸಿಹಿನೀರಿನವು. ಭಾರತದಿಂದಲೇ 400ಕ್ಕೂ ಹೆಚ್ಚು ವರದಿಯಾಗಿವೆ. ನಮ್ಮ ದೇಶದ ರೋಟಿಫರ್‌ಗಳ ಬಗ್ಗೆ ಆ್ಯಂಡರ್ಸನ್ ಎಂಬವರು 1889ರಲ್ಲೇ ಕಲ್ಕತ್ತೆಯಿಂದ ಬರೆದಿದ್ದರು.

ಮೊದಲು ಸೂಕ್ಷ್ಮದರ್ಶಕದ ವಿಚಾರ. ಇದರ ಬಗ್ಗೆ ನನಗೆ ದೊಡ್ಡ ತಕರಾರಿಲ್ಲ. ದೇಹ ಲೋಹದ್ದು, ತಿರುಪು ಸಡಿಲವಿಲ್ಲ, 4ರಿಂದ 10ಕ್ಕೆ ತಿರುಗಿಸಿದಾಗ ನೋಡುತ್ತಿದ್ದ ಜೀವಿ ನೋಟದಿಂದ ಜಾರಿ ಹೋಗುವುದಿಲ್ಲ. ದೀಪ ಮೂರು ಪೆನ್ಸಿಲ್ ಸೆಲ್ಲುಗಳಿಂದಲೂ ಉರಿಯುತ್ತದೆ. ಜೂನ್, ಜುಲೈ ತಿಂಗಳಲ್ಲಿ ನಮ್ಮ ಕಡೆ ಕರೆಂಟು ಹೇಗಿರುತ್ತದೆಂದು ಬಲ್ಲವರಿಗೆ ಇದರ ಬೆಲೆ ಗೊತ್ತು. ದೋಷವೆಂದರೆ ಅಳತೆಯ ಗೆರೆಗಳಿರುವ ನೇತ್ರಮಸೂರ ಕೊಟ್ಟಿಲ್ಲ, ಹೀಗಾಗಿ ಕಂಡ ಜೀವಿ ಎಷ್ಟು ದೊಡ್ಡದೆಂದು ನೇರವಾಗಿ ತಿಳಿಯುವುದಿಲ್ಲ. ಅದಕ್ಕೊಂದು ಉಪಾಯವಿದೆ. ಮಕ್ಕಳ ಕಂಪಾಸು ಪೆಟ್ಟಿಗೆಯ ಪಾರದರ್ಶಕ ಸ್ಕೇಲನ್ನು 4 ಪಟ್ಟಿನ ಮಸೂರದ ಕೆಳಗಿಟ್ಟು ನೋಡಿದೆ. ವೃತ್ತದ ಅಡ್ಡಗಲದಲ್ಲಿ ನಾಲ್ಕೂವರೆ ಮಿಲಿಮೀಟರ್ ಹಿಡಿಯಿತು. ಹಾಗಿದ್ದರೆ 10ರಲ್ಲಿ ಅದು 1.8 ಮಿಲಿಮೀಟರ್, 40ರಲ್ಲಿ 0.45. ಈ ಮೂರು ಅಂಕಿಗಳನ್ನು ಚೀಟಿಯಲ್ಲಿ ಬರೆದು ಸೂಕ್ಷ್ಮದರ್ಶಕದ ಬುಡಕ್ಕೆ ಅಂಟಿಸಿದ್ದೇನೆ.

ಬಲೆಯ ಬಣ್ಣ ಬಯಲಾದದ್ದು ಇದೇ ಅಂಕಿಗಳಿಂದ. ಮೊದಲ ಎರಡು ವಾರ ನಾನು ಬಲೆಯನ್ನು ನಂಬಿಕೊಂಡೇ ಇದ್ದೆ. ನಮ್ಮ ಊರಿನ ದೇವಸ್ಥಾನದ ಕೆರೆಯಿಂದ, ಆಡಳಿತದವರ ಅನುಮತಿ ಪಡೆದು, ಬಕೆಟಿನಲ್ಲಿ ಎತ್ತಿದ 20 ಲೀಟರ್ ನೀರನ್ನು ಸೋಸಿ ನೋಡಿದರೆ ದೊಡ್ಡ ಬ್ರೇಕಿಯೋನಸ್‌ಗಳೂ ಚೀಲದಂಥ ಆಸ್ಪ್ಲಾಂಕ್ನಗಳೂ (ಎರಡೂ ರೋಟಿಫರ್‌ಗಳೇ) ಸಿಗಡಿಯ ಬಳಗದ ಸೈಕ್ಲೊಪ್‌ಗಳೂ ಮಾತ್ರ ಸಿಗುತ್ತಿದ್ದವು. ಕೆರಟೆಲ್ಲ ಎಂಬ ಸಣ್ಣ ರೋಟಿಫರ್ ಒಂದೂ ಇಲ್ಲ. ಉಷ್ಣವಲಯದ ಕೆರೆಯೊಂದರಲ್ಲಿ ಕೆರಟೆಲ್ಲ ಟ್ರಾಪಿಕಾ ಕಾಣದಿದ್ದರೆ, ಹಿತ್ತಿಲಲ್ಲಿ ಕಾಗೆ ಕಾಣದಷ್ಟು ವಿಚಿತ್ರ. ನೀರಿನಲ್ಲೇ ಏನೋ ಕೆಟ್ಟಿದೆಯೆಂದು ನಾನು ಟಿಪ್ಪಣಿ ಪುಸ್ತಕದಲ್ಲಿ ಬರೆದೂ ಆಯಿತು. ಒಂದು ಸಂಜೆ, ಬೇರೇನೂ ಕೆಲಸವಿಲ್ಲದೆ, ಬಲೆಯ ಅಂಚಿನಿಂದ ಬೆರಳುಗುರಿನಷ್ಟು ಬಟ್ಟೆ ಕತ್ತರಿಸಿ ಸ್ಲೈಡಿನ ಮೇಲಿಟ್ಟೆ. 10 ಪಟ್ಟಿನ ಮಸೂರದಲ್ಲಿ ಅಡ್ಡಗಲಕ್ಕೆ ಎಣಿಸಿದರೆ 12 ಕಣ್ಣುಗಳು. 1.8 ಮಿಲಿಮೀಟರಿಗೆ 12 ಎಂದರೆ ಒಂದು ಕಣ್ಣಿಗೂ ಒಂದು ಎಳೆಗೂ ಸೇರಿ 150 ಮೈಕ್ರಾನ್. ಎಳೆ ಅದರಲ್ಲಿ ಮೂರನೇ ಒಂದು ಪಾಲು ಹಿಡಿದಿತ್ತು, ಉಳಿದ ತೆರಪು 100 ಮೈಕ್ರಾನ್. ಚೀಟಿಯಲ್ಲಿ 60 ಎಂದಿದೆ.

ನಲವತ್ತು ಮೈಕ್ರಾನಿನ ವ್ಯತ್ಯಾಸ ಏನು ಮಹಾ ಎಂದು ಅನ್ನಿಸಬಹುದು. ಕೆರಟೆಲ್ಲ ಟ್ರಾಪಿಕಾದ ಚಿಪ್ಪಿನ ಅಗಲ 100 ಮೈಕ್ರಾನಿಗಿಂತ ಕಡಿಮೆ. ನೀರಿನ ಸೆಳೆತಕ್ಕೆ ತಲೆಮುಂದಾಗಿ ಬಂದದ್ದು ಸಲೀಸಾಗಿ ತೂರಿ ಹೋಗುತ್ತದೆ. ಅದಕ್ಕಿಂತ ಸಣ್ಣದಾದ ಅನುರಿಯಾಪ್ಸಿಸ್, ಲೆಪಡೆಲ್ಲ, ಲೆಕೇನ್‌ನ ಹಲವು ಪ್ರಭೇದಗಳ ಮಾತೇ ಬೇಡ. ನಿಜ ಹೇಳಬೇಕೆಂದರೆ 60 ಮೈಕ್ರಾನಿನ ಬಲೆಯೂ ಸಣ್ಣ ರೋಟಿಫರ್‌ಗಳಲ್ಲಿ ಒಂದು ಪಾಲನ್ನು ಕಳೆಯುತ್ತದೆ. ಕಣ್ಣು ಇನ್ನೂ ಚಿಕ್ಕದಾದರೆ ಪಾಚಿ ಕಟ್ಟಿಕೊಂಡು ನೀರು ಇಳಿಯುವುದಿಲ್ಲ ಎಂಬ ಕಾರಣಕ್ಕೆ ಎಲ್ಲರೂ ಒಪ್ಪಿಕೊಂಡ ರಾಜಿ ಅದು. ಆದರೆ 100 ಮೈಕ್ರಾನಿನ ಬಲೆ ಹಿಡಿದು ಕೆರೆಯ ರೋಟಿಫರ್ ವೈವಿಧ್ಯ ನೋಡಹೊರಟವನು ದೊಡ್ಡ ಒಡಲಿನವನ್ನಷ್ಟೇ ಕಂಡು, ಇಷ್ಟೇ ಇರುವುದೆಂದು ಲೆಕ್ಕ ಬರೆಯುತ್ತಾನೆ. ನಾನೂ ಬರೆದೆನಲ್ಲ.

ಕಂಪನಿಗೆ ಫೋಟೊ ಸಮೇತ ಪತ್ರ ಹಾಕಿದೆ. ಹತ್ತು ದಿನಕ್ಕೆ ಬದಲಿ ಬಲೆ ಬಂತು, ತಗಾದೆಯಿಲ್ಲದೆ, ಉಚಿತವಾಗಿ. ಅದರ ಬಟ್ಟೆಯೂ ಅಡ್ಡಗಲಕ್ಕೆ 12 ಕಣ್ಣಿನದೇ.

ಕೊನೆಗೆ ಪರಿಹಾರ ಸಿಕ್ಕಿದ್ದು ಕಾಸರಗೋಡು ಪೇಟೆಯಲ್ಲಿ, ಮದುವೆ ಕಾಗದ ಅಚ್ಚು ಹಾಕುವ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಯೊಂದರಲ್ಲಿ. ಚೌಕಟ್ಟಿಗೆ ಬಿಗಿಯುವ ಪಾಲಿಯೆಸ್ಟರ್ ಬಟ್ಟೆ ಅವರಲ್ಲಿ ಎಳೆಯ ಲೆಕ್ಕದಲ್ಲಿ ಸಿಗುತ್ತದೆ. ಸೆಂಟಿಮೀಟರಿಗೆ 120 ಎಳೆಯದ್ದು ಬೇಕೆಂದು ಕೇಳಿದಾಗ ಅಂಗಡಿಯವರು, “ಮಾಷ್ಟ್ರೇ, ಕಾಗದ ಮಾಡ್ಸುದಾ? ಮನೆಯಲ್ಲಿ ಮದುವೆ ಉಂಟಾ?” ಎಂದು ವಿಚಾರಿಸಿದರು. ಅರ್ಧ ಮೀಟರ್ ಕೊಂಡು, ಮನೆಯಾಕೆಯ ಹೊಲಿಗೆ ಯಂತ್ರದಲ್ಲಿ ಆಲಿಕೆಯ ಆಕಾರಕ್ಕೆ ಹೊಲಿದು, ಹಳೆಯ ಬಲೆಯ ಸರಿಗೆ ಬಳೆಗೇ ಕಟ್ಟಿದೆ. ಅದರ ಕಣ್ಣು ನನ್ನ ಎಣಿಕೆಯಲ್ಲಿ 50 ಮೈಕ್ರಾನಿನ ಆಸುಪಾಸು. ಮರುದಿನ ಅದೇ ಕೆರೆಯ ಅದೇ ಮೆಟ್ಟಿಲಿನಿಂದ ಎತ್ತಿದ ನೀರಿನಲ್ಲಿ ಕೆರಟೆಲ್ಲ ಟ್ರಾಪಿಕಾ ಹೇರಳವಾಗಿತ್ತು: ಬೆನ್ನ ಮೇಲೆ ಹೆಂಚು ಹೊದಿಸಿದಂಥ ಗೆರೆಗಳು, ಮುಂದೆ ಆರು ಮುಳ್ಳು, ಹಿಂದೆ ಎರಡು, ಅವುಗಳಲ್ಲಿ ಬಲಗಡೆಯದು ಎಡಗಡೆಯದಕ್ಕಿಂತ ಎಷ್ಟೋ ಉದ್ದ. ಪಾಲಿಆರ್ತ್ರವೂ ಇತ್ತು, ಮೈಯ ಎರಡು ಬದಿಗೆ ಕಟ್ಟಿದ ಗರಿಯಂಥ ಹುಟ್ಟುಗಳನ್ನು ಫಕ್ಕನೆ ಬಡಿದು ಹಾರುವ ಈ ಜೀವಿ ನೋಟದಲ್ಲಿ ನಿಲ್ಲುವುದೇ ಅಪರೂಪ.

ಆ ಕೆರೆಯಲ್ಲಿ ಮೀನು ತುಂಬ ಇರುವುದೇ ರೋಟಿಫರ್‌ಗಳ ಈ ಸಮೃದ್ಧಿಗೆ ಒಂದು ಕಾರಣ. ಭಕ್ತರು ಎಸೆಯುವ ಅಕ್ಕಿ ಅವಲಕ್ಕಿಯಲ್ಲಿ ಸಾಕಾಗದೆ ಮೀನುಗಳು ಕಣ್ಣಿಗೆ ಬೀಳುವಷ್ಟು ದೊಡ್ಡದಾದ ನೀರುಚಿಗಟಗಳನ್ನು ಹೆಕ್ಕಿ ತಿನ್ನುತ್ತವೆ. ಈ ಚಿಗಟಗಳು ಇರುವಲ್ಲಿ ರೋಟಿಫರ್‌ಗಳಿಗೆ ಪಾಚಿಯ ಪಾಲು ಸಿಗುವುದು ಕಷ್ಟ, ಅವು ಕಡಿಮೆಯಾದಲ್ಲಿ ರೋಟಿಫರ್‌ಗಳದ್ದೇ ರಾಜ್ಯ. ಮೀನಿಲ್ಲದ ನಮ್ಮ ತೋಟದ ಪಳ್ಳದಲ್ಲಿ (ಸಣ್ಣ ಕೆರೆಯಲ್ಲಿ) ನಾನು ಕಂಡದ್ದು ಸರಿಯಾಗಿ ಇದರ ತಿರುಗುಮುರುಗು. ಇನ್ನು ತೋಡಿನ ನೀರು. ಮಳೆಗಾಲದಲ್ಲಿ ಹರಿಯುವ ತೋಡಿಗೆ ಬಲೆ ಹಿಡಿದರೆ ಮರಳೂ ಎಲೆಚೂರೂ ಬಿಟ್ಟು ಬೇರೆ ಸಿಗುವುದು ಅಲ್ಪ, ಏಕೆಂದರೆ ಅಲ್ಲಿ ಹುಟ್ಟಿದ್ದು ಮರಿ ಹಾಕುವ ಮೊದಲೇ ಹೊಳೆ ಸೇರಿರುತ್ತದೆ. ಡಿಸೆಂಬರಿನಲ್ಲಿ ಅದೇ ತೋಡಿಗೆ ಕಲ್ಲುಮಣ್ಣಿನ ಕಟ್ಟ ಹಾಕಿ ನೀರು ನಿಲ್ಲಿಸಿದ ಮೂರನೇ ವಾರಕ್ಕೆ ಒಂದು ಹನಿಯಲ್ಲಿ ಏಳೆಂಟು ಬ್ರೇಕಿಯೋನಸ್ ಎಣಿಸಿದ್ದೇನೆ. ನಮ್ಮ ಊರಿನ ಬಿಸಿಲಿಗೆ ಇವುಗಳ ಮೊಟ್ಟೆ ಒಂದೇ ದಿನದಲ್ಲಿ ಒಡೆಯುತ್ತದೆ, ಮರಿ ಮತ್ತೊಂದೆರಡು ದಿನಕ್ಕೆ ತಾಯಿಯಾಗುತ್ತದೆ, ಗಂಡಿನ ಅಗತ್ಯವೂ ಇಲ್ಲ.

ಕಟ್ಟದ ನೀರಿನಲ್ಲೇ ಈ ಸೂಕ್ಷ್ಮದರ್ಶಕ ತನ್ನ ಯೋಗ್ಯತೆ ತೋರಿಸಿತು. ಜನವರಿಯಲ್ಲಿ ಬ್ರೇಕಿಯೋನಸ್ ಕ್ಯಾಲಿಸಿಫ್ಲೋರಸ್‌ಗಳ ಹಿಂಭಾಗ ಬೋಳಾಗಿತ್ತು. ಫೆಬ್ರವರಿಯಲ್ಲಿ ಆಸ್ಪ್ಲಾಂಕ್ನ ಹೆಚ್ಚಿತು. ಇದು ಉಳಿದ ರೋಟಿಫರ್‌ಗಳನ್ನು ಇಡಿಯಾಗಿ ನುಂಗುವ ಪಾರದರ್ಶಕ ಚೀಲ, ಹೊಟ್ಟೆಯಲ್ಲಿ ನುಂಗಿದ ಕೆರಟೆಲ್ಲದ ಚಿಪ್ಪು ಹೊರಗಿನಿಂದಲೇ ಕಾಣುತ್ತದೆ. ಅದಾದ ಮೇಲೆ ಸಿಕ್ಕಿದ ಬ್ರೇಕಿಯೋನಸ್‌ಗಳಲ್ಲಿ ಹಲವಕ್ಕೆ ಹಿಂಬದಿಯ ಎರಡೂ ಮೂಲೆಯಿಂದ ಉದ್ದನೆಯ ಮುಳ್ಳು ಬಂದಿತ್ತು. ಆಸ್ಪ್ಲಾಂಕ್ನ ನೀರಿಗೆ ಬಿಡುವ ಯಾವುದೋ ವಸ್ತುವಿನ ಸುಳಿವು ತಾಯಿಗೆ ಸಿಕ್ಕರೆ ಹುಟ್ಟುವ ಮರಿಗಳು ಮುಳ್ಳಿನೊಂದಿಗೇ ಹುಟ್ಟುತ್ತವೆ, ನುಂಗಲು ಹೋದವನ ಗಂಟಲಿಗೆ ಅಡ್ಡವಾಗುತ್ತವೆ ಎಂಬ ಈ ಸಂಗತಿಯನ್ನು ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಡ ಬೋಶಾಂ 1952ರಲ್ಲಿ ಬರೆದಿದ್ದರು. ತರಗತಿಯಲ್ಲಿ ಎಷ್ಟೋ ಸಲ ಇದನ್ನು ಬಾಯಿಮಾತಿನಲ್ಲಿ ಹೇಳಿದ್ದೆ. ಕಣ್ಣಾರೆ ಕಂಡದ್ದು ಅರುವತ್ತು ದಾಟಿದ ಮೇಲೆ, ಅದೂ ಹತ್ತು ಪಟ್ಟಿನ ಅಗ್ಗದ ಮಸೂರದಲ್ಲಿ. ಮೊಬೈಲಿನ ಹಿಡಿಕೆ ಸಿಕ್ಕಿಸಿ ತೆಗೆದ ಫೋಟೊ ಮಾತ್ರ ಅಂಚಿನಲ್ಲಿ ಮಸುಕು, ನಡುಭಾಗ ಚೆನ್ನಾಗಿದೆ.

ಬಲೆಗೆ ಬೀಳದ ರೋಟಿಫರ್‌ಗಳ ವಿಷಯವನ್ನು ಕೈಪಿಡಿ ಎತ್ತುವುದೇ ಇಲ್ಲ, ವೈವಿಧ್ಯವಿರುವುದು ಅಲ್ಲಿಯೇ ಹೆಚ್ಚು ಎಂಬುದನ್ನು ಅದರ ಕರ್ತೃಗಳು ಮರೆತಂತಿದೆ. ತೆರೆದ ನೀರಿನಲ್ಲಿ ತೇಲುವ ರೋಟಿಫರ್ ಪ್ರಭೇದಗಳು ಕಡಿಮೆ. ಬಹುಪಾಲಿನವು ದಡದ ಜೊಂಡು, ಹಾವಸೆ, ಬೇರುಗಳ ನಡುವೆ ಹರಿದಾಡುತ್ತವೆ. ನಮ್ಮಲ್ಲಿ ಎಲ್ಲರೂ ಮಲಯಾಳದ ಹೆಸರಿನಿಂದಲೇ ‘ಪಾಯಲ್’ ಎಂದು ಕರೆಯುವ, ಕೆರೆಗೆ ಶಾಪವಾಗಿ ಹಬ್ಬಿರುವ ಸಾಲ್ವಿನಿಯದ ಒಂದು ಹಿಡಿ ತಂದು ಬೇರುಗಳನ್ನು ಬಿಳಿ ಬಟ್ಟಲಿನಲ್ಲಿ ಹಿಂಡಿ ನೋಡಿ. ಒಂದೇ ಹಿಂಡಿಗೆಯಲ್ಲಿ ನನಗೆ ಲೆಕೇನ್‌ನ ನಾಲ್ಕು ಬಗೆ, ಟ್ರೈಕೊಸರ್ಕ, ಟೆಸ್ಟುಡಿನೆಲ್ಲ, ಪ್ಲಾಟಿಯಾಸ್ ಸಿಕ್ಕಿವೆ. ಬಲೆಗೆ ಕೊಟ್ಟ ಹಣ ಇಲ್ಲಿ ಬೇಕಿಲ್ಲ. ಮುರಕಲ್ಲಿನ ನೆಲದ ನೀರು ಮೃದು, ತುಸು ಹುಳಿಗುಣದ್ದು. ಇಂಥ ನೀರಿನಲ್ಲಿ ಬ್ರೇಕಿಯೋನಸ್‌ಗಳು ಹಿಂದೆ ಸರಿದು ಲೆಕೇನ್, ಟ್ರೈಕೊಸರ್ಕ, ಲೆಪಡೆಲ್ಲಗಳು ಮುಂದೆ ಬರುವುದು ಪದವುಗಳ (ಮುರಕಲ್ಲಿನ ಬಯಲುಗಳ) ಮಳೆಗಾಲದ ಹೊಂಡಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಕುಂಬಳೆ ಬಳಿಯ ಅನಂತಪುರದ ದೇವಸ್ಥಾನದ ಕೆರೆಯ ನೀರೂ ಮುರಕಲ್ಲಿನದೇ, ಆದರೆ ಅಲ್ಲಿ ಬಲೆಯಿರಲಿ, ಡ್ರಾಪರನ್ನೂ ನಾನು ಹೊರತೆಗೆಯಲಿಲ್ಲ.

ಒಂದು ದಿನ ಪಾಯಲಿನ ಬೇರಿನ ಎಳೆಯೊಂದಕ್ಕೆ ಕಂದು ಬಣ್ಣದ ಕೊಳವೆ ಅಂಟಿಕೊಂಡಿತ್ತು. ಸ್ಲೈಡನ್ನು ಅಲುಗಿಸದೆ ಹತ್ತು ನಿಮಿಷ ಕಾದೆ. ಕೊಳವೆಯ ಬಾಯಿಂದ ನಾಲ್ಕು ದಳದ ಹೂವಿನಂಥ ತಲೆ ಹೊರಬಂದು ದಳಗಳ ಅಂಚಿನಲ್ಲಿ ಚಕ್ರ ತಿರುಗತೊಡಗಿತು; ಸುಳಿಗೆ ಸಿಕ್ಕಿ ಬಂದ ಕಸದ ಕಣಗಳಲ್ಲಿ ತಿನ್ನತಕ್ಕದ್ದು ಗಂಟಲಿಗಿಳಿದರೆ, ತಿನ್ನಬಾರದ್ದು ಬಾಯಿಯ ಕೆಳಗಿನ ಸಣ್ಣ ಗುಳಿಯಲ್ಲಿ ಗಿರಗಿರನೆ ತಿರುಗುತ್ತ ಗುಂಡಾಯಿತು. ಉಂಡೆ ಹದಕ್ಕೆ ಬಂದೊಡನೆ ತಲೆ ಬಾಗಿಸಿ ಅದನ್ನು ಕೊಳವೆಯ ಅಂಚಿನಲ್ಲಿ, ಮೊದಲಿನ ಸಾಲಿನ ಪಕ್ಕಕ್ಕೆ ಸರಿಯಾಗಿ, ಇಟ್ಟು ಒತ್ತಿತು. ಆಮೇಲೆ ಇನ್ನೊಂದು. ಇದು ಫ್ಲಾಸ್ಕುಲೇರಿಯ ಎಂಬ ರೋಟಿಫರ್. ಮುರಕಲ್ಲು ಕೆತ್ತಿ ಸಾಲಿಡುವ ಮೇಸ್ತ್ರಿಗಳನ್ನು ನೋಡುತ್ತ ಬೆಳೆದ ನನಗೆ ಅದರ ಕೈಕೆಲಸದಲ್ಲಿ ಕುಂದು ಹೇಳಲು ಏನೂ ಕಾಣಲಿಲ್ಲ. ಈ ನೋಟಕ್ಕೆ ಕವರ್ ಸ್ಲಿಪ್ ಹಾಗೆಯೇ ಹಾಕಿದರೆ ಜೀವಿ ಜಜ್ಜಿ ಹೋಗುತ್ತದೆ. ನಾಲ್ಕು ಮೂಲೆಗೆ ಮೇಣದ ಸಣ್ಣ ಚೂರು ಇಟ್ಟು ಮೇಲೆ ಗಾಜು ಮುಚ್ಚಬೇಕು. ಕೈಪಿಡಿಯಲ್ಲಿ ಇದೂ ಇಲ್ಲ.

ಇನ್ನೊಂದು ವರ್ಗ ಡೆಲಾಯ್ಡ್‌ಗಳದ್ದು. ಜಿಗಣೆಯಂತೆ ಮೈ ಕುಗ್ಗಿಸಿ ಹಿಗ್ಗಿಸಿ ನಡೆಯುವ ಇವುಗಳಲ್ಲಿ ಗಂಡನ್ನು ಇದುವರೆಗೆ ಯಾರೂ ಕಂಡಿಲ್ಲ. ಫಾರ್ಮಲಿನ್ ಹಾಕಿದರೆ ಮುದುಡಿ ಉಂಡೆಯಾಗಿ ಗುರುತೇ ಸಿಗುವುದಿಲ್ಲ, ಜೀವಂತವಾಗಿ ನೋಡಬೇಕು. ನಮ್ಮ ಮನೆಯ, ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ಒಳಗಿನ ಹನಿನೀರಿನಲ್ಲಿ ನನಗೆ ಹೆಚ್ಚೇನೂ ಸಿಗಲಿಲ್ಲ, ಸುರಂಗದ ಬಾಯಿಯ ಮುರಕಲ್ಲಿಗೆ ಹಿಡಿದ ಹಾವಸೆಯಲ್ಲಿ ಮಾತ್ರ ಡೆಲಾಯ್ಡ್‌ಗಳು ಕಿಕ್ಕಿರಿದಿದ್ದವು. ಏಪ್ರಿಲಿನಲ್ಲಿ ಮಾಡಿನ ದಂಬೆಯಿಂದ (ಮಳೆನೀರು ಹರಿಯುವ ದೋಣಿಯಿಂದ) ಕೆರೆದ, ಕೈಯಲ್ಲಿ ಪುಡಿಯಾಗುವಷ್ಟು ಒಣಗಿದ ಹಾವಸೆಗೆ ಕುದಿಸಿ ಆರಿಸಿದ ನೀರು ಹಾಕಿ ಮಧ್ಯಾಹ್ನದ ಊಟ ಮುಗಿಸಿ ಬರುವಷ್ಟರಲ್ಲಿ ಅವು ಎದ್ದು ನಡೆದಾಡುತ್ತಿದ್ದವು. ಹಾಲೆಂಡಿನ ಸೂಕ್ಷ್ಮದರ್ಶಕ ತಜ್ಞ ಲೇವನ್‌ಹುಕ್ 1702ರಲ್ಲಿ ಪತ್ರ ಬರೆದು ತಿಳಿಸಿದ್ದೂ ಮಾಡಿನ ನೀರು ಹರಿಯುವ ಕಾಲುವೆಯ ಒಣಮಣ್ಣಿನಿಂದ ಹೀಗೆ ಎದ್ದ ಜೀವಿಗಳನ್ನೇ. ಸೈಬೀರಿಯದ ಹೆಪ್ಪುನೆಲದಲ್ಲಿ ಸುಮಾರು 24,000 ವರ್ಷ ಹುದುಗಿದ್ದ ಡೆಲಾಯ್ಡ್ ಒಂದು ಮತ್ತೆ ಜೀವ ತಳೆದು ಸಂತಾನ ಬೆಳೆಸಿದ್ದು 2021ರಲ್ಲಿ ವರದಿಯಾಯಿತು. ಪದವಿನ ಹೊಂಡದ ಒಣಮಣ್ಣಿಗೆ ಇಷ್ಟೇ ನೀರು ಹಾಕಿದರೆ ಕೆಲಸ ತುಸು ನಿಧಾನ: ಅಲ್ಲಿ ಮಲಗಿರುವುದು ಬ್ರೇಕಿಯೋನಸ್ ಮೊದಲಾದವುಗಳ ದಪ್ಪ ಚಿಪ್ಪಿನ ಮೊಟ್ಟೆ, ಒಡೆಯಲು ಎರಡು ಮೂರು ದಿನ ಬೇಕು.

ಓಡುವ ಡೆಲಾಯ್ಡನ್ನು ನಿಲ್ಲಿಸಲು ರಾಸಾಯನಿಕ ಕೊಡದ್ದನ್ನು ನಾನು ದೋಷವೆಂದು ಎಣಿಸುವುದಿಲ್ಲ. ಆಗ ತಾನೇ ತೆರೆದ ಗೋಲಿ ಸೋಡಾದ ಒಂದು ಹನಿಯನ್ನು ಸ್ಲೈಡಿನ ಹನಿಗೆ ಬೆರೆಸಿದರೆ ಅದರ ಅನಿಲಕ್ಕೆ ಮಂಪರು ಹಿಡಿದು ಕೆಲವೇ ನಿಮಿಷದಲ್ಲಿ ನಿಧಾನವಾಗುತ್ತವೆ. ಆಗ 40ರ ಮಸೂರದಲ್ಲಿ ಗಂಟಲಿನ ದವಡೆಗಳು ಅರೆಯುವುದು ಕಾಣುತ್ತದೆ. ದವಡೆಯ ಆಕಾರದ ಮೇಲೆಯೇ ಪ್ರಭೇದ ನಿರ್ಧರಿಸಬೇಕಾದ ಕಡೆ ಈ ಸೂಕ್ಷ್ಮದರ್ಶಕ ಸೋಲುತ್ತದೆ. ಆ ಬೆಲೆಗೆ ಅಷ್ಟು ನಿರೀಕ್ಷಿಸುವುದೂ ತಪ್ಪು. ಕುಲದವರೆಗೆ, ಚಿಪ್ಪಿರುವವುಗಳಲ್ಲಿ ಎಷ್ಟೋ ಸಲ ಪ್ರಭೇದದವರೆಗೆ, ಧೈರ್ಯವಾಗಿ ಹೇಳಬಹುದು.

ಕೈಪಿಡಿಯನ್ನು ಬದಿಗಿಡಬೇಕು. ರೋಟಿಫರಿಗೆ ಒಂದೇ ಪುಟ, ಒಂದೇ ಚಿತ್ರ. ‘ರೋಟಿಫರ್ ಇದ್ದರೆ ನೀರು ಶುದ್ಧ’ ಎಂಬ ವಾಕ್ಯವನ್ನು ಮಕ್ಕಳು ನಂಬಿದರೆ ಅಪಾಯವೇ ಇದೆ. ರೊಟೇರಿಯ ನೆಪ್ಚೂನಿಯ ಕೊಳಚೆಯಲ್ಲೇ ಸೊಂಪಾಗಿ ಬೆಳೆಯುತ್ತದೆ, ಬ್ರೇಕಿಯೋನಸ್ ಆಂಗ್ಯುಲಾರಿಸ್ ಹೆಚ್ಚಿದರೆ ಕೆರೆಗೆ ಗೊಬ್ಬರದಂಶ ಮಿತಿಮೀರಿ ಸೇರಿದೆಯೆಂದು ಸಂಶಯ ಪಡಬೇಕು. ಯಾವ ರೋಟಿಫರ್ ಎಂದು ಕೇಳದೆ ನೀರಿನ ಗುಣ ಹೇಳಲಾಗದು. ಭಾಷೆಯ ದೂರನ್ನೂ ಹೇಳಿಬಿಡುತ್ತೇನೆ: ಕನ್ನಡದ ಸಾಲೊಂದೂ ಇಲ್ಲ, ಮಲಯಾಳದ್ದೂ ಇಲ್ಲ. ನೆರೆಮನೆಯ ಕನ್ನಡ ಮಾಧ್ಯಮದ ಇಬ್ಬರು ಮಕ್ಕಳಿಗಾಗಿ ಮೂರು ಹಾಳೆಯಲ್ಲಿ ನಾನೇ ಬರೆದು ಕೊಟ್ಟಿದ್ದೇನೆ.

ನಮ್ಮ ಜಿಲ್ಲೆಯಲ್ಲಿ ಇದನ್ನು ಕೊಳ್ಳುವವರು ಪೆಟ್ಟಿಗೆಯ ಜತೆ ಬರುವ ಥರ್ಮಾಕೋಲಿನಲ್ಲೇ ಸೂಕ್ಷ್ಮದರ್ಶಕ ಇಡಬೇಡಿ. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಊರಿನಲ್ಲಿ ಮಸೂರಕ್ಕೆ ಬೂಷ್ಟು ಹಿಡಿಯಲು ಮಳೆ ಸುರಿಯುವ ಒಂದು ಆಟಿ ತಿಂಗಳು ಸಾಕು, ನನ್ನ 40ರ ಮಸೂರದ ಅಂಚಿಗೆ ಆಗಲೇ ಜೇಡರ ಬಲೆಯಂಥ ಎಳೆ ಬಂದಿದೆ. ಈಗ ಮಸೂರಗಳನ್ನು ಬಿಚ್ಚಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನ ಜತೆ ಇಡುತ್ತೇನೆ. ಸೂಕ್ಷ್ಮದರ್ಶಕವನ್ನು ಮಾತ್ರ ಬಿಡಿಯಾಗಿ ಅದೇ ಮಾರಾಟಗಾರರು 5,900 ರೂಪಾಯಿಗೆ ಕೊಡುತ್ತಾರೆ. ಅದನ್ನು ಕೊಳ್ಳಿ, ಸ್ಕ್ರೀನ್ ಬಟ್ಟೆಗೆ ಮುನ್ನೂರು ರೂಪಾಯಿ ಎತ್ತಿಡಿ. ಚೀಟಿ ಅಂಟಿಸಿದ ಆ ಎರಡು ಬಲೆಗಳಲ್ಲಿ ಒಂದನ್ನು ಮೊಮ್ಮಗ ಗದ್ದೆಬದಿಯಲ್ಲಿ ಗೊದಮೊಟ್ಟೆ ಹಿಡಿಯಲು ಒಯ್ದಿದ್ದಾನೆ, ಇನ್ನೊಂದು ಬಚ್ಚಲಿನ ಗೋಡೆಯಲ್ಲಿ ನೇತಾಡುತ್ತಿದೆ.